ಎಣ್ಣೆಯೂರಿನಲ್ಲಿ ಹೊಟ್ಟೆಯ ಲೆಕ್ಕ

ಶೇಂಗಾ ಸುಗ್ಗಿಯಲ್ಲಿ ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಲಾರಿಗೆ ಬೆನ್ನು ಕೊಟ್ಟು ಚೀಲ ಹೊರುವ ಹಮಾಲರಲ್ಲಿ ಕೆಲವರು ಅಂಗಿ ಕಳಚಿಟ್ಟು ಟವೆಲ್ಲಿನಲ್ಲೇ ಇರುತ್ತಾರೆ. ಹೊಟ್ಟೆಯ ಮೇಲೆ ಇಟ್ಟಿಗೆ ಜೋಡಿಸಿದಂತೆ ಗೆರೆಗಳು. ಇವರು ಬೆಳಗಿನ ಜಾವ ಶೂ ಕಟ್ಟಿ ಓಡಿದವರಲ್ಲ. ಎದುರಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಸಾಹುಕಾರರಿಗೂ ಅಂಥವೇ ಗೆರೆಗಳಿವೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಇವೆ. ಮೇಲೊಂದು ಕಂಬಳಿ ಹೊದ್ದಿವೆ ಅಷ್ಟೆ, ಅದೂ ಚಳ್ಳಕೆರೆಯ ದಪ್ಪ ಕಂಬಳಿ.

‘ಸಿಕ್ಸ್ ಪ್ಯಾಕ್’ ಎಂದು ಹುಡುಗರು ಕರೆಯುವುದು ರೆಕ್ಟಸ್ ಅಬ್ಡಾಮಿನಿಸ್ ಎಂಬ ಸ್ನಾಯುವನ್ನು. ಎದೆಗೂಡಿನಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಇಳಿಬಿದ್ದ ಎರಡು ಪಟ್ಟಿಗಳು. ನಡುವೆ ಉದ್ದಕ್ಕೆ ಬಿಳಿಯ ನಾರಿನ ಗೆರೆ, ಅಡ್ಡಕ್ಕೆ ಸಾಮಾನ್ಯವಾಗಿ ಮೂರು ನಾರಿನ ಕಟ್ಟುಗಳು. ಕಟ್ಟು ಎಷ್ಟು, ಎಡಬಲ ಸಮವೋ ಸೊಟ್ಟವೋ ಎಂಬುದು ಹುಟ್ಟಿನಿಂದಲೇ ಬಂದದ್ದು. ಕೆಲವರಿಗೆ ನಾಲ್ಕೇ ಗಡ್ಡೆ, ಕೆಲವರಿಗೆ ಎಂಟು. ಹಾಗಾಗಿ ‘ಮೂರು ತಿಂಗಳಲ್ಲಿ ಸಿಕ್ಸ್ ಪ್ಯಾಕ್’ ಎಂದು ಬೋರ್ಡು ಹಾಕುವ ಜಿಮ್‌ಗಳು ನಿಮ್ಮದೇ ಸೊತ್ತನ್ನು ನಿಮಗೇ ಮಾರುತ್ತಿರುತ್ತವೆ. ಗಂಡಸರಲ್ಲಿ ಮೈಕೊಬ್ಬು ತೂಕದ ಶೇ 10-12ರ ಆಸುಪಾಸಿಗೆ ಇಳಿದಾಗ ಗೆರೆಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಹೆಂಗಸರಲ್ಲಿ ಅದಕ್ಕಿಂತ ಮೊದಲೇ ಕಾಣುತ್ತವೆ, ಅವರು ಅಷ್ಟು ಕೆಳಗೆ ಇಳಿಯಲೂಬಾರದು. ತೀರಾ ಕೊಬ್ಬು ಕರಗಿ, ಉಣ್ಣುವುದೂ ಕಡಿಮೆಯಾದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ.

ಹೊಟ್ಟೆ ಕರಗಿಸಲು ಹೊಟ್ಟೆಯನ್ನೇ ಮಡಚಬೇಕು ಎಂಬ ನಂಬಿಕೆ ಹಳೆಯದು. 1984ರಲ್ಲಿ ಅಮೆರಿಕದ ಸಂಶೋಧಕರು ಕೆಲವು ಗಂಡಸರಿಂದ 27 ದಿನಗಳಲ್ಲಿ ತಲಾ 5,004 ಸಿಟ್-ಅಪ್ ಮಾಡಿಸಿದರು. ಆಮೇಲೆ ಹೊಟ್ಟೆ, ಬೆನ್ನು, ಪೃಷ್ಠ ಮೂರೂ ಕಡೆಯಿಂದ ಕೊಬ್ಬಿನ ಕೋಶ ತೆಗೆದು ಅಳೆದರು. ಹೊಟ್ಟೆಯ ಕೋಶಗಳೇನೂ ಮಿಕ್ಕವಕ್ಕಿಂತ ಹೆಚ್ಚು ಕುಗ್ಗಿರಲಿಲ್ಲ. ಕಾರಣ ಸರಳ. ಸ್ನಾಯು ತನ್ನ ಪಕ್ಕದ ಕೊಬ್ಬನ್ನು ಕಿತ್ತು ತಿನ್ನುವುದಿಲ್ಲ, ರಕ್ತದಲ್ಲಿ ಹರಿದು ಬರುವುದನ್ನು ಹೀರುತ್ತದೆ. ರಕ್ತಕ್ಕೆ ಕೊಬ್ಬು ಬಿಡಿ ಎಂಬ ಹಾರ್ಮೋನಿನ ಆಜ್ಞೆ ಮೈಯೆಲ್ಲಕ್ಕೂ ಹೋಗುತ್ತದೆ. ನಮ್ಮ ಕಡೆಯ ಕೆರೆ ಬತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಯಾವ ದಡದಲ್ಲಿ ಪಂಪು ಇಟ್ಟರೂ ಇಡೀ ಕೆರೆಯ ಮಟ್ಟ ಇಳಿಯುತ್ತದೆ, ಕೊನೆಗೆ ನೀರು ಉಳಿಯುವುದು ತಳದ ಗುಂಡಿಯಲ್ಲಿ. ಗಂಡಸರ ಮೈಯಲ್ಲಿ ಆ ಗುಂಡಿ ಹೊಕ್ಕುಳ ಸುತ್ತ ಇರುತ್ತದೆ.

ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ? ಬೆವರಾಗಿ ಎನ್ನುವವರೇ ಹೆಚ್ಚು. 2014ರಲ್ಲಿ ಆಸ್ಟ್ರೇಲಿಯಾದ ಮೀರ್ಮನ್ ಮತ್ತು ಬ್ರೌನ್ ಅಣು ಅಣುವಾಗಿ ಲೆಕ್ಕ ಹಾಕಿದರು: 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೋಗುತ್ತದೆ, ಮಿಕ್ಕ 1.6 ಕಿಲೋ ನೀರಾಗುತ್ತದೆ. ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಿಸಿಲಲ್ಲಿ ಓಡಿ ಇಳಿಸುವುದು ಬರೀ ನೀರು. ಎರಡು ಚೊಂಬು ಕುಡಿದರೆ ಅದು ವಾಪಸು.

ಓಟದ ಲೆಕ್ಕವನ್ನೂ ಮಾಡಿಬಿಡೋಣ. ಒಂದು ಕಿಲೋಮೀಟರ್ ಓಡಿದರೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲರಿ ಖರ್ಚು. ಎಪ್ಪತ್ತು ಕಿಲೋ ತೂಗುವವನು ಐದು ಕಿಲೋಮೀಟರ್ ಓಡಿದರೆ 350. ಎಣ್ಣೆಯಲ್ಲಿ ಗ್ರಾಂಗೆ 9 ಕ್ಯಾಲರಿ, ಅಂದರೆ ದೊಡ್ಡ ಚಮಚಕ್ಕೆ 120ರ ಮೇಲೆ. ಮೂರು ಚಮಚ ಎಣ್ಣೆಗೆ ಐದು ಕಿಲೋಮೀಟರ್! ಚಳ್ಳಕೆರೆ ಎಂದರೆ ಎಣ್ಣೆ ಮಿಲ್ಲುಗಳ ಊರು. ವ್ಯಾಪಾರದ ಭರಾಟೆ ಕಂಡವರು ಎರಡನೇ ಬೊಂಬಾಯಿ ಎಂದು ಕರೆದ ಊರು. ಇಲ್ಲಿ ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿ ಪಾಪ, ಗಾಳಿ ತುಂಬಿದ ಅಕ್ಕಿ. ಒಗ್ಗರಣೆ ಮತ್ತು ಬಜ್ಜಿ ಕುಡಿದ ಎಣ್ಣೆಯದ್ದೇ ಅಸಲಿ ಬಾಬತ್ತು. ಓಡುವುದನ್ನು ಬಿಟ್ಟೂ ಹೊಟ್ಟೆ ಇಳಿಸಬಹುದು ಎನ್ನುವುದರ ಹಿಂದಿರುವುದು ಇದೇ ಗಣಿತ: ಖರ್ಚು ಹೆಚ್ಚಿಸುವುದಕ್ಕಿಂತ ಆಮದು ತಗ್ಗಿಸುವುದು ಸಲೀಸು. ಒಂದು ಕಿಲೋ ಮೈಕೊಬ್ಬಿಗೆ ಸರಿಸುಮಾರು 7,700 ಕ್ಯಾಲರಿ. ದಿನಕ್ಕೆ 500ರ ಕೊರತೆ ಬಿದ್ದರೆ ಎರಡು ವಾರಕ್ಕೆ ಒಂದು ಕಿಲೋದಷ್ಟು ಇಳಿಯುತ್ತದೆ. ದಿನ ಕಳೆದಂತೆ ಇಳಿಕೆ ನಿಧಾನವಾಗುತ್ತದೆ.

ಓಡಿದಷ್ಟೂ ಖರ್ಚು ಏರುತ್ತಲೇ ಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಟಾಂಜಾನಿಯಾದ ಹಡ್ಜಾ ಬೇಟೆಗಾರರು ದಿನವಿಡೀ ನಡೆಯುವವರು. 2012ರಲ್ಲಿ ಹರ್ಮನ್ ಪಾಂಟ್ಜರ್ ತಂಡ ಅವರ ದಿನದ ಶಕ್ತಿವ್ಯಯ ಅಳೆದಾಗ, ಮೈಗಾತ್ರಕ್ಕೆ ಹೊಂದಿಸಿ ನೋಡಿದರೆ ಅದು ಕುರ್ಚಿಯಲ್ಲಿ ಕೂರುವ ಪಾಶ್ಚಾತ್ಯರಷ್ಟೇ ಇತ್ತು.

ಹಾಗಾದರೆ ಊಟ ಬಿಟ್ಟರಾಯಿತಲ್ಲ, ಜಿಮ್ಮಿನಲ್ಲಿ ಭಾರ ಎತ್ತುವುದು ಯಾಕೆ? ಉಪವಾಸ ಬಿದ್ದ ಮೈ ಕೊಬ್ಬಿನ ಜೊತೆ ಸ್ನಾಯುವನ್ನೂ ಒಡೆದು ತಿನ್ನುತ್ತದೆ. ಭಾರ ಹೊತ್ತ ಸ್ನಾಯು ಮಾತ್ರ ‘ನಾನು ಬೇಕಾಗಿದ್ದೇನೆ’ ಎಂದು ಹೇಳಿಕೊಳ್ಳುತ್ತದೆ. ಜೊತೆಗೆ ಪ್ರೋಟೀನ್ ಬೇಕು. 49 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಸಾಕು, ಅದಕ್ಕಿಂತ ಹೆಚ್ಚಿಗೆ ತಿಂದು ಸ್ನಾಯು ಬೆಳೆಯುವುದು ಅಷ್ಟರಲ್ಲೇ ಇದೆ. ಎಪ್ಪತ್ತು ಕಿಲೋದವನಿಗೆ 112 ಗ್ರಾಂ. ನಮ್ಮ ತಟ್ಟೆ ಸೋಲುವುದು ಇಲ್ಲಿ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಪ್ರೋಟೀನ್ ಏಳು ಗ್ರಾಂ. ಹುರುಳಿ ಚೆನ್ನ, ನೂರಕ್ಕೆ 22. ಆದರೆ ಹುರುಳಿ ಸಾರಿನಲ್ಲಿ ಕಟ್ಟು ಮಾತ್ರ ನಮಗೆ ಬಂದು ಕಾಳು ದನದ ಬಾನಿಗೆ ಹೋಗುವ ಮನೆಗಳಿವೆ.

ಶೇಂಗಾ ಇದೆಯಲ್ಲ ಎನ್ನುತ್ತೀರಿ. ನೂರು ಗ್ರಾಂ ಶೇಂಗಾದಲ್ಲಿ ಪ್ರೋಟೀನ್ 25 ಗ್ರಾಂ ನಿಜ, ಎಣ್ಣೆ ಅದರ ಸುಮಾರು ಎರಡರಷ್ಟು. ಒಂದು ಹಿಡಿ ಒಳ್ಳೆಯದು. ಪ್ರೋಟೀನಿಗಾಗಿ ಅದನ್ನೇ ನಂಬಿದರೆ ಕಂಬಳಿ ದಪ್ಪವಾಗುತ್ತದೆ. ಗಾಣಕ್ಕೆ ಹಾಕಿದಾಗ ಎರಡೂ ಬೇರೆಯಾಗುತ್ತವೆ: ಕೊಬ್ಬು ನಮ್ಮ ಬಾಣಲೆಗೆ, ಪ್ರೋಟೀನ್ ಹಿಂಡಿಯಾಗಿ ಎಮ್ಮೆಗೆ. ಹಾಗೆಂದು ಯಾರೂ ಹಿಂಡಿ ತಿನ್ನಲು ಹೋಗಬೇಡಿ, ಬೂಷ್ಟು ಬಿಡುವ ಅಫ್ಲಟಾಕ್ಸಿನ್ ವಿಷ ಅದರಲ್ಲಿ ಇರಬಹುದು. ಆ ಪ್ರೋಟೀನು ಹಾಲು, ಮೊಸರು, ಮಜ್ಜಿಗೆಯಾಗಿ ಮರಳುವುದನ್ನು ಕಾಯುವುದೇ ಕ್ಷೇಮ. ಈ ಸೀಮೆಯ ಮ್ಯಾಸಬೇಡ ಸಮುದಾಯದಲ್ಲಿ ಕೋಳಿ ಮುಟ್ಟದ ಕಟ್ಟಳೆ ಹಿಂದಿನಿಂದ ಇದೆ, ಅವರಿಗೆ ‘ದಿನಕ್ಕೆ ಆರು ಮೊಟ್ಟೆ’ ಎಂಬ ಜಿಮ್ ಸಲಹೆ ಕೆಲಸಕ್ಕೆ ಬಾರದು. ಮೊಸರು, ಹುರುಳಿ ಉಸುಲಿ, ಐವತ್ತು ಗ್ರಾಂ ಸೋಯಾ, ಒಗ್ಗುವುದಾದರೆ ಕುರಿಯ ಕೊಬ್ಬಿಲ್ಲದ ತುಂಡು, ಹೀಗೆ ಕೂಡಿಸಿದರೆ ನೂರು ಗ್ರಾಂ ದಾಟಬಹುದು.

ಮತ್ತೆ ಹಮಾಲರ ಹತ್ತಿರ ಬರುತ್ತೇನೆ. ಚೀಲ ಎತ್ತುವ ಕ್ಷಣ ಅವರು ಉಸಿರು ಕಟ್ಟುವುದನ್ನು ಗಮನಿಸಿ. ಹೊಟ್ಟೆಯ ಸುತ್ತಲಿನ ಸ್ನಾಯುಗಳೆಲ್ಲ ಬಿಗಿದು, ಒಳಗಿನ ಒತ್ತಡವೇ ಬೆನ್ನುಮೂಳೆಗೆ ಕಂಬವಾಗುತ್ತದೆ. ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡುವವರೂ ಮಾಡುವುದು ಇದನ್ನೇ. ವ್ಯತ್ಯಾಸವೆಂದರೆ ಜಿಮ್ಮಿನವನು ಭಾರವನ್ನು ಮೆಲ್ಲನೆ ಏರಿಸುತ್ತಾನೆ, ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳುತ್ತಾನೆ. ಹಮಾಲನಿಗೆ ಆ ಆಯ್ಕೆ ಇಲ್ಲ. ಅವನ ಗೆರೆಗಳಲ್ಲಿ ದುಡಿಮೆ ಎಷ್ಟೋ ಅರೆಹೊಟ್ಟೆಯೂ ಅಷ್ಟೇ ಇರಬಹುದು. ಅದನ್ನು ಆರೋಗ್ಯದ ಸರ್ಟಿಫಿಕೇಟು ಎಂದು ಓದಬಾರದು.

ಪಕ್ಕದ ಮೊಳಕಾಲ್ಮೂರಿನಲ್ಲಿ ಇನ್ನೊಂದು ಬಗೆಯ ದುಡಿಮೆ. ರೇಷ್ಮೆ ಸೀರೆ ನೇಯುವ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವೆಲ್ಲ ಕೂರಬೇಕು. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ. ಕೂತು ಕೆಲಸ ಮಾಡುವ ಭಾರತೀಯರಲ್ಲಿ ಈ ಆಕಾರ ಮಾಮೂಲು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ನಲ್ಲಿ ತಮ್ಮದೇ ಫೋಟೊ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಮೈಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮಂಥವರಿಗೆ ಬರೀ ತೂಕ ಇಳಿಸುವುದಕ್ಕಿಂತ ಸ್ನಾಯು ಕೂಡಿಸುವುದು ಹೆಚ್ಚು ಲಾಭ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕಿಲ್ಲ.

ಸ್ನಾಯು ಕೂಡಿಸುವುದು ಕನ್ನಡಿಗರಿಗೆ ಹೊಸದೂ ಅಲ್ಲ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಹಠಯೋಗಕ್ಕೆ ಬಾರ್‌ಬೆಲ್ ಜೋಡಿಸಿದವರು. 1930ರಲ್ಲೇ ಸ್ನಾಯುಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದವರು.

ಕಾರ್ಡಿಯೊ, ಅಂದರೆ ಓಟದಂಥ ವ್ಯಾಯಾಮದ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟ ಬದಲಿಸದೆ ಕಾರ್ಡಿಯೊ ಮಾಡಿದವರ ಕೊಬ್ಬು ಭಾರ ಎತ್ತಿದವರಿಗಿಂತ ಹೆಚ್ಚು ಕರಗಿತ್ತು. ಊಟ ಹಿಡಿತದಲ್ಲಿಲ್ಲದಿದ್ದರೆ ಡಂಬೆಲ್ ಒಂದೇ ಗೆರೆ ಮೂಡಿಸದು. ಹೃದಯವೂ ಒಂದು ಸ್ನಾಯು, ಕನ್ನಡಿಯಲ್ಲಿ ಕಾಣದು ಅಷ್ಟೆ. ಓಟ ಒಲ್ಲದವರು ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟವನ್ನು ವಾರಕ್ಕೊಮ್ಮೆ ಹತ್ತಿ ಇಳಿದರೆ ಅದನ್ನು ಕಾರ್ಡಿಯೊ ಎಂದು ಯಾರೂ ಕರೆಯಬೇಕಿಲ್ಲ.

ತೂಕ ನೋಡುವವರಿಗೆ ಒಂದು ಸೂಚನೆ. ಹಿಂದಿನ ರಾತ್ರಿಯ ಮುದ್ದೆ, ಉಪ್ಪಿನಕಾಯಿ, ಅವು ಹಿಡಿದಿಟ್ಟ ನೀರು ಸೇರಿ ಬೆಳಿಗ್ಗೆಯ ತೂಕ ಒಂದು ಕಿಲೋ ಆಚೀಚೆ ಆಗುತ್ತದೆ. ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿ, ವಾರಕ್ಕೊಮ್ಮೆ, ಅದೇ ದಿನ, ಕಾಫಿಗೆ ಮುಂಚೆ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ.