ಕುಳಿಯಾಟ

ಕೊಳ್ಳೇಗಾಲ, ಯಳಂದೂರುಗಳ ಕಡೆ ಭತ್ತದ ಕೊಯ್ಲು, ಹನೂರಿನ ಕಡೆ ರಾಗಿಯ ಕೊಯ್ಲು ಮುಗಿದೊಡನೆ ಬಯಲು ಮಕ್ಕಳದಾಗುತ್ತದೆ. ಪುಟ್ಟ ಕುಳಿಯೊಂದನ್ನು ತೋಡಿ, ಅದರ ಮೇಲೆ ಅಡ್ಡಲಾಗಿರಿಸಿದ ಚಿನ್ನಿಯನ್ನು ದಾಂಡಿನಿಂದ ಚಿಮ್ಮಿಸಿದರೆ ಆಟ ಮೊದಲಾಯಿತು. ಅದಕ್ಕೆ ಕಾಸು ಬೇಡ.

ಗಾಲ್ಫ್ ಆಟವನ್ನು ಇದರ ದೂರದ ನೆಂಟನೆನ್ನಬಹುದು. ಚಿನ್ನಿದಾಂಡು ಕುಳಿಯಿಂದ ಹೊರಡುತ್ತದೆ. ಗಾಲ್ಫ್ ಕುಳಿಯಲ್ಲಿ ಮುಗಿಯುತ್ತದೆ. ನೂರಾರು ಗಜಗಳಾಚೆಯ, 10.8 ಸೆಂಟಿಮೀಟರ್ ಅಗಲದ ಕುಳಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಸೇರಿಸಬೇಕು. ಹೀಗೆ 18 ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು. ಗಾಳಿ, ಇಳಿಜಾರು, ಹುಲ್ಲು ಇವೇ ಇಲ್ಲಿನ ನಿಜವಾದ ಎದುರಾಳಿಗಳು.

ನಮ್ಮಲ್ಲಿ ಇದು ಸಿರಿವಂತರ ಆಟವೆಂದು ಹೆಸರಾಗಿದೆ. 1876ರಲ್ಲಿ ಆರಂಭವಾದ ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸದಸ್ಯರದು. ಆದರೆ ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಕಥೆ ಬೇರೆ. ಸೇಂಟ್ ಆಂಡ್ರೂಸ್ ಪಟ್ಟಣದ ಕಡಲಂಚಿನ ಬಯಲಿನಲ್ಲಿ ಆಡುವ ಹಕ್ಕು ಊರವರದೆಂದು 1552ರ ಸನ್ನದೊಂದು ಒಪ್ಪಿಕೊಂಡಿತು. ಹದಿನೆಂಟನೆಯ ಶತಮಾನದ ಕೊನೆಗೆ ಆ ಬಯಲು ಮೊಲ ಸಾಕುವ ವ್ಯಾಪಾರಿಗಳ ಕೈಸೇರಿತು. ಮೊಲಗಳು ನೆಲವನ್ನೆಲ್ಲ ತೋಡಿದವು. ಪಾಪ, ಅವುಗಳ ತಪ್ಪೇನು! ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. ಇಂದು ಅದು ಸಾರ್ವಜನಿಕ ಮೈದಾನ. ಹೊರಗಿನವರಿಗೆ ಶುಲ್ಕ ಹೆಚ್ಚು. ಊರವರಿಗೆ ರಿಯಾಯಿತಿ ದರದ ವಾರ್ಷಿಕ ಚೀಟಿಯುಂಟು. ಅಲ್ಲಿನ ಹಳೆಯ ಅಂಗಳದಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿಲ್ಲ. ಅಂದು ಊರವರು ಮಕ್ಕಳು, ನಾಯಿಗಳೊಡನೆ ಅದೇ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ.