ಕುಲುಮೆಯಲ್ಲಿ ಹುಟ್ಟುವ ಕಾಗೆಬಂಗಾರ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಷಿಸ್ಟ್ ಹಾಗೂ ಪೆಗ್ಮಟೈಟ್ ಶಿಲೆಗಳಲ್ಲಿ ಹೊಳೆಯುವ ತೆಳು ಹಾಳೆಗಳನ್ನು ನೀವು ನೋಡಿರಬಹುದು. ಜನ ಇದನ್ನು ಕಾಗೆಬಂಗಾರ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಇದು ಅಭ್ರಕ. ಇದು ವಿದ್ಯುತ್ತನ್ನು ಹರಿಯಗೊಡದು, ಶಾಖವನ್ನೂ ತಾಳಬಲ್ಲದು. ಇಸ್ತ್ರಿಪೆಟ್ಟಿಗೆಯ ಕಾಯುವ ತಂತಿಯನ್ನು ಅಭ್ರಕದ ಹಾಳೆಯ ಮೇಲೆ ಸುತ್ತುವುದು ಈ ಕಾರಣಕ್ಕೆ.

ಆದರೆ ಈ ತಾಳಿಕೆಗೆ ಒಂದು ಮಿತಿಯಿದೆ. ಅಭ್ರಕದ ಹರಳಿನಲ್ಲಿ ಸಿಲಿಕೇಟ್ ಪದರಗಳನ್ನು ಪೊಟ್ಯಾಸಿಯಂ ಅಯಾನುಗಳು ದುರ್ಬಲವಾಗಿ ಬಂಧಿಸಿರುತ್ತವೆ. ಹಾಳೆ ಸುಲಭವಾಗಿ ಬಿಡಿಸಿಕೊಳ್ಳುವುದು ಇದರಿಂದಲೇ. ಪದರಗಳೊಳಗೆ ಹೈಡ್ರಾಕ್ಸಿಲ್ ಗುಂಪುಗಳೂ ಇವೆ. ಬಿಳಿ ಅಭ್ರಕವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಇವು ನೀರಾವಿಯಾಗಿ ಹೊರಬೀಳತೊಡಗುತ್ತವೆ. ಹಾಳೆ ಉಬ್ಬಿ, ಮಸುಕಾಗಿ, ಕ್ರಮೇಣ ಹಾಳಾಗುತ್ತದೆ.

ಹೈಡ್ರಾಕ್ಸಿಲ್‌ನ ಜಾಗದಲ್ಲಿ ಫ್ಲೋರಿನ್ ಇದ್ದರೆ? ಎರಡರ ವಿದ್ಯುದಂಶ ಒಂದೇ, ಗಾತ್ರವೂ ಬಹುಮಟ್ಟಿಗೆ ಸಮ. ಹರಳಿನ ರಚನೆ ಕೆಡುವುದಿಲ್ಲ. ಆವಿಯಾಗಲು ನೀರೂ ಇರುವುದಿಲ್ಲ. ಹೀಗೆ ದೊರೆಯುವ ಫ್ಲೋರ್‌ಫ್ಲೋಗೊಪೈಟ್ ಎಂಬ ಕೃತಕ ಅಭ್ರಕ ಸುಮಾರು 1,000 ಡಿಗ್ರಿಯವರೆಗೂ ಸ್ಥಿರ. ಎರಡನೇ ಮಹಾಯುದ್ಧದಲ್ಲಿ ಭಾರತದ ಅಭ್ರಕ ದೊರೆಯದಾದಾಗ ಜರ್ಮನಿಯಲ್ಲಿ ಇದರ ತಯಾರಿಕೆಗೆ ಒತ್ತು ದೊರೆಯಿತು.

ತಯಾರಿಕೆಯ ವಿಧಾನ ಸ್ವಾರಸ್ಯಕರ. ಸಿಲಿಕಾ, ಮೆಗ್ನೀಷಿಯಾ, ಅಲ್ಯೂಮಿನಾ ಹಾಗೂ ಪೊಟ್ಯಾಸಿಯಂ ಸಿಲಿಕೊಫ್ಲೋರೈಡ್‌ಗಳ ಪುಡಿಯನ್ನು ಬೆರೆಸಿ ಸುಮಾರು 1,400 ಡಿಗ್ರಿಯಲ್ಲಿ ಕರಗಿಸಬೇಕು. ಕರಗಿದ ಫ್ಲೋರೈಡು ಮೂಸೆಯನ್ನೇ ಕೊರೆಯುತ್ತದೆ. ಆದ್ದರಿಂದ ಪುಡಿಯ ರಾಶಿಯ ನಡುವೆ ಇಂಗಾಲದ ವಿದ್ಯುದ್ವಾರಗಳನ್ನಿಟ್ಟು ಒಳಭಾಗವನ್ನು ಮಾತ್ರ ಕರಗಿಸಲಾಗುತ್ತದೆ. ಕರಗದೆ ಉಳಿದ ಹೊರಭಾಗವೇ ಮೂಸೆ! ದ್ರವ ನಿಧಾನವಾಗಿ ತಣಿದಂತೆ ಹರಳುಗಳು ಬೆಳೆಯುತ್ತವೆ.

ಪಿಂಗಾಣಿ ಕ್ಷೇತ್ರದಲ್ಲಿ ಇದರ ಉಪಯೋಗ ಹೆಚ್ಚು. ಸುಟ್ಟ ಪಿಂಗಾಣಿಯನ್ನು ಲೇತ್‌ನಲ್ಲಿ ಕೊರೆಯಲು ಹೋದರೆ ಅದು ಸೀಳುತ್ತದೆ. ಗಾಜಿನೊಳಗೆ ಸೂಕ್ಷ್ಮ ಅಭ್ರಕದ ಹರಳುಗಳನ್ನು ಒತ್ತಾಗಿ ಬೆಳೆಸಿದರೆ, ಬಿರುಕು ಹರಳಿನ ಪದರಗಳಲ್ಲಿ ದಿಕ್ಕು ತಪ್ಪಿ ಅಲ್ಲೇ ನಿಲ್ಲುತ್ತದೆ. ಹೀಗಾಗಿ ಸಾಮಾನ್ಯ ಉಕ್ಕಿನ ಉಪಕರಣದಿಂದಲೇ ತೂತು, ಮರೆ ಕೊರೆಯಬಹುದು; ಮತ್ತೆ ಸುಡಬೇಕಾಗಿಲ್ಲ. ಕಾರ್ನಿಂಗ್ ಕಂಪನಿಯ ಮೆಕೋರ್‌ನಲ್ಲಿ ಸುಮಾರು ಶೇ. 55 ಭಾಗ ಇಂಥ ಅಭ್ರಕ, ಉಳಿದದ್ದು ಬೋರೊಸಿಲಿಕೇಟ್ ಗಾಜು. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವೂ ಈ ಬಗೆಯ ಗಾಜು-ಪಿಂಗಾಣಿಯನ್ನು ಅಭಿವೃದ್ಧಿಪಡಿಸಿದೆ. ನಿರ್ವಾತ ಸಾಧನಗಳ ವಿದ್ಯುತ್ ನಿರೋಧಕ ಭಾಗಗಳಿಗೆ ಇದು ಬೇಕು.

ಜಾರ್ಖಂಡ್‌, ಬಿಹಾರಗಳಲ್ಲಿ ಮಕ್ಕಳೂ ಅಭ್ರಕದ ಚೂರುಗಳನ್ನು ಆಯುವುದು ವರದಿಯಾದ ಬಳಿಕ, ಕೆಲವು ಸೌಂದರ್ಯವರ್ಧಕ ತಯಾರಕರು ಹೊಳಪಿಗಾಗಿ ಕೃತಕ ಅಭ್ರಕದತ್ತ ಹೊರಳಿದ್ದಾರೆ.

ಫ್ಲೋರೈಡ್ ಹೊಗೆ ವಿಷಕಾರಿ. ಶಾಲೆಯಲ್ಲಿ ಈ ತಯಾರಿಕೆಯನ್ನು ಪ್ರಯತ್ನಿಸಬಾರದು. ನಿಮ್ಮೂರಿನ ಕಾಗೆಬಂಗಾರದ ಪದರವನ್ನು ಬಿಡಿಸಿ, ಅದರ ಅಂಚನ್ನು ಭೂತಗನ್ನಡಿಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿ. ಲೇತ್‌ಗೆ ಒಗ್ಗುವ ಪಿಂಗಾಣಿಯ ಗುಟ್ಟು ಅಲ್ಲಿಯೇ ಕಾಣುತ್ತದೆ.