ಕಣಜದ ಗೂಡಿನಲ್ಲಿ ಸ್ವಾರ್ಥದ ಲೆಕ್ಕ

ಮನುಷ್ಯನಿಗೆ ಆತ್ಮ ಇದೆಯೇ, ಇಚ್ಛೆ ಅವನ ಕೈಯಲ್ಲೇ ಇದೆಯೇ, ಅವನು ಹುಟ್ಟಾ ಸ್ವಾರ್ಥಿಯೇ? ಗುಬ್ಬಿಯ ವಿದ್ಯಾರ್ಥಿನಿಯೊಬ್ಬರು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದಾರೆ. ರಿಚರ್ಡ್ ಡಾಕಿನ್ಸ್ 1976ರಲ್ಲಿ ಬರೆದ ‘ದಿ ಸೆಲ್ಫಿಶ್ ಜೀನ್’ (ಸ್ವಾರ್ಥಿ ವಂಶವಾಹಿ) ಪುಸ್ತಕದ ಬಗ್ಗೆ ಯಾರೋ ಹೇಳಿದ್ದು ಅವರ ತಲೆಯಲ್ಲಿ ಕೊರೆಯುತ್ತಿದೆಯಂತೆ.

ಮೊದಲ ಎರಡನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾವಿನಂಚಿನಲ್ಲಿದ್ದ ಆರು ರೋಗಿಗಳನ್ನು ತಕ್ಕಡಿಯ ಮೇಲೆ ಮಲಗಿಸಿ, ಆತ್ಮಕ್ಕೆ ತೂಕವಿದೆ ಎಂದು 1907ರಲ್ಲಿ ಪ್ರಕಟಿಸಿದ. ಪ್ರಸಿದ್ಧವಾದ ಆ 21 ಗ್ರಾಂ ಸಿಕ್ಕಿದ್ದು ಒಬ್ಬ ರೋಗಿಯಲ್ಲಿ ಮಾತ್ರ. ಉಳಿದವರಲ್ಲಿ ಲೆಕ್ಕ ಕೂಡಿಬರಲಿಲ್ಲ. ಆದರೂ ಆ 21 ಗ್ರಾಂ ಕಥೆ ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ದಯವಿಟ್ಟು ನಂಬಬೇಡಿ. ಇಚ್ಛೆಯ ವಿಷಯಕ್ಕೆ ಬಂದರೆ, ಕೈ ಆಡಿಸಬೇಕೆಂದು ನಮಗೆ ಅನ್ನಿಸುವುದಕ್ಕೂ ಸೆಕೆಂಡಿನ ಮೂರನೇ ಒಂದರಷ್ಟು ಮೊದಲೇ ಮಿದುಳಿನಲ್ಲಿ ವಿದ್ಯುತ್ ಸಂಚಲನ ಶುರುವಾಗಿರುತ್ತದೆ ಎಂದು ಬೆಂಜಮಿನ್ ಲಿಬೆಟ್ 1983ರಲ್ಲಿ ತೋರಿಸಿದಾಗ, ಸ್ವತಂತ್ರ ಇಚ್ಛೆಯ ಕಥೆ ಮುಗಿಯಿತೆಂದು ದೊಡ್ಡ ಗದ್ದಲವೇ ಎದ್ದಿತು. ಅಂಥ ಸಂಚಲನ ಮಿದುಳಿನ ಸಹಜ ಏರಿಳಿತದಿಂದಲೂ ಮೂಡಬಹುದು ಎಂದು 2012ರಲ್ಲಿ ಆರನ್ ಶರ್ಗರ್ ತಂಡ ವಾದಿಸಿತು. ಕೈ ಆಡಿಸುವ ಪ್ರಯೋಗ ಹಿಡಿದುಕೊಂಡು, ಜಮೀನು ಮಾರುವ ಅಥವಾ ಮದುವೆಗೆ ಒಪ್ಪುವ ತೀರ್ಮಾನದ ಬಗ್ಗೆ ತೀರ್ಪು ಕೊಡುವುದು ನನಗಂತೂ ಸರಿಕಾಣುವುದಿಲ್ಲ.

ಮೂರನೆಯ ಪ್ರಶ್ನೆಗೆ ಮಾತ್ರ ನಮ್ಮ ನೆರೆಯಲ್ಲೇ ನಡೆದ ಅದ್ಭುತ ಸಂಶೋಧನೆಯಿದೆ. ಸೂರಿನ ಕೆಳಗೆ, ಕಿಟಕಿಯ ಮೂಲೆಯಲ್ಲಿ ಕಾಗದದಂಥ ಬೂದು ಗೂಡು ಕಟ್ಟುವ ಕಣಜವನ್ನು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಒಂದರ ಹೆಸರು ರೋಪಲಿಡಿಯ ಮಾರ್ಜಿನೇಟ. ಕೆಂಗಂದು ಮೈ, ಹೊಟ್ಟೆಯ ಮೇಲೊಂದು ಹಳದಿ ಪಟ್ಟಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಇದರ ಬೆನ್ನು ಹತ್ತಿದರು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಆಹಾರ ತಂದರು, ಯಾರು ಜಗಳ ಆಡಿದರು, ಯಾರು ಸುಮ್ಮನೆ ಕೂತರು ಎಂದು ಬರೆದುಕೊಂಡರು. ಇಲ್ಲಿ ಮೊಟ್ಟೆ ಇಡುವವಳು ರಾಣಿಯೊಬ್ಬಳೇ. ಅವಳು ಗದರುವ ಒಡತಿಯಲ್ಲ, ಗೂಡಿನಲ್ಲಿ ತೆಪ್ಪಗೆ ಇರುವವಳು. ಅವಳನ್ನು ಎತ್ತಿ ಬೇರೆಡೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬ ಕೆಲಸಗಾರ್ತಿ ವಿಪರೀತ ಆರ್ಭಟಿಸತೊಡಗುತ್ತಾಳೆ. ಮುಂದಿನ ರಾಣಿ ಅವಳೇ. ಹಳೆಯ ರಾಣಿಯನ್ನು ಮರಳಿ ಬಿಟ್ಟರೆ ಅದೇ ಕೆಲಸಗಾರ್ತಿ ಮತ್ತೆ ತಣ್ಣಗಾಗುತ್ತಾಳೆ.

ರಾಣಿಯಾಗಬಲ್ಲವಳು ಆಳಾಗಿ ದುಡಿಯುವುದೇಕೆ? ನೆಂಟಸ್ತನ ಹತ್ತಿರವಾದಷ್ಟೂ, ನೆಂಟರಿಗಾಗುವ ಲಾಭ ಹೆಚ್ಚಾದಷ್ಟೂ ತ್ಯಾಗ ವಂಶವಾಹಿಗೆ ಲಾಭದಾಯಕ ಎಂದು 1964ರಲ್ಲಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ ಗಣಿತ ಕೊಟ್ಟಿದ್ದ. ಆದರೆ ಇಲ್ಲಿ ರಾಣಿ ಹಲವು ಗಂಡುಗಳೊಡನೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ. ಹಾಗಾಗಿ ಗೂಡಿನವರ ರಕ್ತಸಂಬಂಧ ಅಷ್ಟೇನೂ ಗಟ್ಟಿಯಲ್ಲ. ಗದಗ್‌ಕರ್ 1990ರಲ್ಲಿ ಇನ್ನೊಂದು ಕಾರಣ ಮುಂದಿಟ್ಟರು. ಮೊಟ್ಟೆ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಕೆಲಸಗಾರ್ತಿಯ ಸರಾಸರಿ ಆಯುಷ್ಯ ಒಂದು ತಿಂಗಳ ಆಸುಪಾಸು. ಅಂದರೆ ಒಂಟಿಯಾಗಿ ಮರಿ ಸಾಕಲು ಹೊರಟವಳು ಅದು ಬೆಳೆಯುವ ಮೊದಲೇ ಸಾಯುವ ಸಂಭವವೇ ಹೆಚ್ಚು.

ತೆಂಗಿನ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿ ಫಲಕ್ಕೆ ಬರುವುದಕ್ಕೆ ಆರೇಳು ವರ್ಷ. ಒಂಟಿ ಮನುಷ್ಯ ನೆಟ್ಟು ಮೂರನೇ ವರ್ಷಕ್ಕೆ ತೀರಿಕೊಂಡರೆ ಸಸಿ ಒಣಗುತ್ತದೆ, ಅವನ ಮೂರು ವರ್ಷದ ನೀರೂ ಗೊಬ್ಬರವೂ ಮಣ್ಣುಪಾಲು. ಅವಿಭಕ್ತ ಕುಟುಂಬದಲ್ಲಾದರೆ ಅವನು ಹೊಯ್ದ ನೀರು ಲೆಕ್ಕಕ್ಕುಂಟು. ತಮ್ಮನೋ ತಮ್ಮನ ಮಗನೋ ಮುಂದುವರಿಸುತ್ತಾರೆ, ಎಳನೀರು ಮನೆಗೇ ಬರುತ್ತದೆ. ಒಂಟಿಯಾಗಿ ಗೂಡು ಕಟ್ಟಿದ ಕಣಜ ಸತ್ತರೆ ಅವಳ ಹುಳುಗಳೆಲ್ಲ ಸಾಯುತ್ತವೆ. ಗುಂಪಿನಲ್ಲಿ ಹತ್ತೇ ದಿನ ಉಣಿಸಿ ಸತ್ತರೂ ಆ ಹತ್ತು ದಿನದ ಉಣಿಸು ವ್ಯರ್ಥವಾಗುವುದಿಲ್ಲ. ನನ್ನ ಮಟ್ಟಿಗೆ ಜೀವವಿಜ್ಞಾನದಲ್ಲಿ ಇಷ್ಟು ಸರಳ, ಇಷ್ಟು ಚೆಂದದ ವಿಚಾರ ಅಪರೂಪ. ವಂಶವಾಹಿಯ ಲಾಭದ ಲೆಕ್ಕದಿಂದಲೇ, ಇನ್ನೊಬ್ಬರಿಗಾಗಿ ಬದುಕು ಸವೆಸುವ ಜೀವಿ ಹುಟ್ಟಿಕೊಂಡಿದೆ. ವಂಶವಾಹಿ ಸ್ವಾರ್ಥಿಯಾದ ಮಾತ್ರಕ್ಕೆ ಅದನ್ನು ಹೊತ್ತವರೂ ಸ್ವಾರ್ಥಿಗಳೆಂಬ ವಾದ ಇಲ್ಲೇ ಬಿದ್ದುಹೋಗುತ್ತದೆ.

ಮನುಷ್ಯನಲ್ಲಿ ವಿಷಯ ಇನ್ನೂ ಮುಂದೆ ಹೋಗಿದೆ. ಗುಬ್ಬಿ ಮೂಲದ ವರ್ತಕ ತೋಟದಪ್ಪನವರಿಗೆ (1838–1910) ಮಕ್ಕಳಿರಲಿಲ್ಲ. ಬೆಂಗಳೂರು ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗೆ ಧರ್ಮಛತ್ರ ಕಟ್ಟಿಸಿ, ಬಡ ವಿದ್ಯಾರ್ಥಿಗಳ ವಸತಿಗೂ ಆಸ್ತಿ ಬಿಟ್ಟುಹೋದರು. ಆ ಛತ್ರದಲ್ಲಿ ತಂಗಿದವರು ಅವರಿಗೆ ನೆಂಟರಲ್ಲ, ಹೆಚ್ಚಿನವರು ಮತ್ತೆ ಎದುರಾಗುವವರೂ ಅಲ್ಲ. ‘ಒಳ್ಳೆಯ ಹೆಸರು ಬರುತ್ತದೆ, ಅದೇ ಪ್ರತಿಫಲ’ ಎನ್ನುವ ಸಿದ್ಧಾಂತವೂ ಉಂಟು. ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ 1998ರಲ್ಲಿ ಅದಕ್ಕೆ ಗಣಿತ ಒದಗಿಸಿದರು. ಸ್ವಲ್ಪ ನಿಜವಿರಬಹುದು. ಆದರೆ ಇಡೀ ಆಸ್ತಿ ಧಾರೆ ಎರೆದದ್ದನ್ನು ಹೆಸರಿನಾಸೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಸ್ವಾರ್ಥ ಇಲ್ಲವೇ ಇಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಹಾಳು ಮಾಡುತ್ತಾರೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಹೇಳಿದ. ಎಲಿನರ್ ಆಸ್ಟ್ರಮ್ ದೇಶದೇಶಗಳ ನೀರಾವರಿ, ಕಾಡು, ಮೀನುಗಾರಿಕೆಯ ಪದ್ಧತಿಗಳನ್ನು ನೋಡಿ, ಜನ ತಾವೇ ನಿಯಮ ಮಾಡಿಕೊಂಡು, ಕಾವಲು ಇಟ್ಟುಕೊಂಡ ಕಡೆ ಹಾಗಾಗುವುದಿಲ್ಲ ಎಂದು ತೋರಿಸಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಕುಣಿಗಲ್ಲಿನಂಥ ಕೆರೆಸೀಮೆಯವರಿಗೆ ಇದು ಹೊಸದಲ್ಲ. ಹಳೆ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಅವನಿಗೆ ಸಲ್ಲುತ್ತಿದ್ದ ಕೂಲಿ ರೈತರು ಸುಗ್ಗಿಯಲ್ಲಿ ಅಳೆದುಕೊಡುವ ಧಾನ್ಯ. ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟಿದರೆ ಅವನ ಪಾಲೂ ಹೆಚ್ಚುತ್ತಿತ್ತು.